ಅವ್ವನ ಎರಡು ಮಂಡಿ, ಎರಡು ರಾತ್ರಿ

ನಮ್ಮ ಮನೆ ಮಾತು ಅರೆಭಾಷೆ. ಅದರಲ್ಲಿ ಅವ್ವ ಎಲ್ಲಕ್ಕಿಂತ ಜಾಸ್ತಿ ಆಡುವ ಮಾತು ‘ಎಂತ ಇಲ್ಲೆ’. ಏನೂ ಇಲ್ಲ ಅಂತ ಅರ್ಥ. ಕತ್ತಿ ತಾಗಿ ಬೆರಳು ಸೀಳಿದರೂ ಎಂತ ಇಲ್ಲೆ. ತೋಟದಿಂದ ಬರುವಾಗ ಜಿಗಣೆ ಕಚ್ಚಿ ಕಾಲಿಡೀ ರಕ್ತ ಹರಿದಿದ್ದರೂ ಎಂತ ಇಲ್ಲೆ. ಅಪ್ಪ ತೀರಿಕೊಂಡ ವರ್ಷ ರಾತ್ರಿಯೆಲ್ಲ ಎಚ್ಚರ ಇದ್ದು ಬೆಳಿಗ್ಗೆ ಕೆಂಪು ಕಣ್ಣಲ್ಲಿ ಒಲೆ ಉರಿಸುತ್ತಾ ಅಂದದ್ದೂ ಅದನ್ನೇ.

ಅವ್ವನ ಮನೆ ಚೇರಂಬಾಣೆ ಕಡೆ, ರಸ್ತೆಯಿಂದ ಕೆಳಗೆ. ಮನೆಗೆ ಹೋಗಲು ಇಳಿಯಬೇಕು, ಗದ್ದೆಗೆ ಇನ್ನೂ ಇಳಿಯಬೇಕು, ತೋಟಕ್ಕೆ ಹತ್ತಬೇಕು. ಕೊಡಗಿನಲ್ಲಿ ಸಮತಟ್ಟಾದ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ. ಹೀಗೆ ಹತ್ತಿ ಇಳಿದೇ ಅವಳ ಎರಡೂ ಮಂಡಿ ಸವೆದಿದ್ದವು. ಎಲುಬಿನ ತುದಿಗೆ ಹೊದಿಕೆ ಹಾಗೆ ಇರುವ ಮೃದ್ವಸ್ಥಿ ಸವೆದು ಎಕ್ಸ್‌ರೇಯಲ್ಲಿ ಒಂದು ಗೆರೆ ಜಾಗವೂ ಉಳಿದಿರಲಿಲ್ಲ. ಎಲುಬಿಗೆ ಎಲುಬು ತಾಗುತ್ತಿತ್ತು. ಕಾಲು ಹೊರಗೆ ಬಿಲ್ಲಿನ ಹಾಗೆ ಬಾಗಿತ್ತು. ಆದರೂ ಮಂಡಿ ಬದಲಿಸುವ ಆಪರೇಷನ್‌ಗೆ ಒಪ್ಪಿಸಲು ನಾಲ್ಕು ವರ್ಷ ಬೇಕಾಯಿತು.

ಬಲಗಾಲಿನದು ಮೊದಲು ಆಯಿತು. ಆಗ ಅವ್ವನಿಗೆ 66. ಎಡಗಾಲಿನದು ಎರಡು ವರ್ಷ ಬಿಟ್ಟು. ಎರಡೂ ಮಾರ್ಚ್ ತಿಂಗಳಲ್ಲಿ, ಯಾಕೆಂದರೆ ಕಾಫಿ ಕೊಯ್ಲು ಮತ್ತು ಮೆಣಸು ಮುಗಿಯದೆ ನಮ್ಮ ಕಡೆ ಯಾರೂ ಆಸ್ಪತ್ರೆಯಲ್ಲಿ ಮಲಗಲು ಒಪ್ಪುವುದಿಲ್ಲ. ಆ ಎರಡು ಆಪರೇಷನ್‌ಗಳ ನಡುವೆ ನಾನು ಕಲಿತದ್ದನ್ನು ಬರೆದಿಡಬೇಕು ಅಂತ ತುಂಬ ದಿನದಿಂದ ಅನ್ನಿಸುತ್ತಿತ್ತು. ಮಂಡಿ ಆಪರೇಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ರಾತ್ರಿಯ ನೋವಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊದಲ ಸಲ ಹೋಗುವ ಮೊದಲು ನಾವು ಎಷ್ಟೊಂದು ವಿಚಾರಿಸಿದ್ದೆವು! ಯಾವ ಸರ್ಜನ್, ಯಾವ ಕಂಪನಿಯ ಮಂಡಿ, ಎಷ್ಟು ವರ್ಷ ಬಾಳಿಕೆ, ಎಷ್ಟು ಖರ್ಚು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಬೆಲೆ ಮಿತಿ ಹಾಕಿದ್ದು ನನಗೆ ಗೊತ್ತಿತ್ತು, ಆ ಪಟ್ಟಿಯನ್ನೂ ಹುಡುಕಿ ಓದಿದ್ದೆ. ಆದರೆ ‘ಆಪರೇಷನ್ ಆದ ರಾತ್ರಿ ನೋವಿಗೆ ಏನು ಮಾಡುತ್ತೀರಿ?’ ಅಂತ ಒಂದು ಮಾತು ಕೇಳಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಅಂತಲೇ ಹೊಳೆಯಲಿಲ್ಲ. ಆಪರೇಷನ್ ಅಂದ ಮೇಲೆ ನೋವು ಇರುತ್ತದೆ, ಸಹಿಸಬೇಕು, ಅಷ್ಟೇ ಅಂತ ನಂಬಿಕೊಂಡಿದ್ದೆ.

ಆ ಆಸ್ಪತ್ರೆ ಘಟ್ಟದ ಕೆಳಗಿನ ಒಂದು ಊರಿನದು. ಹೆಸರು ಬೇಡ. ಬೆಳಿಗ್ಗೆ 11ಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಹೊರಗೆ ತಂದಾಗ ಅವ್ವ ನಗುತ್ತಿದ್ದಳು. ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಅಂದಳು. ಮೂರು ಗಂಟೆಗೆ ಹೆಬ್ಬೆರಳು ಅಲುಗಿತು. ನಾವೆಲ್ಲ ಸಂತೋಷಪಟ್ಟೆವು. ಬೆರಳು ಅಲುಗಿತು ಅಂದರೆ ಮದ್ದು ಇಳಿಯುತ್ತಿದೆ, ನೋವು ದಾರಿಯಲ್ಲಿದೆ ಅಂತ ಯಾರೂ ಹೇಳಲಿಲ್ಲ.

ಸಂಜೆ ಸಿಸ್ಟರ್ ಬಂದು ‘ನೋವಿದ್ಯಾ ಅಮ್ಮ?’ ಅಂತ ಕೇಳಿದರು. ‘ಎಂತ ಇಲ್ಲೆ.’ ರಾತ್ರಿ ಒಂಬತ್ತಕ್ಕೆ ಮತ್ತೆ ಕೇಳಿದರು. ‘ಎಂತ ಇಲ್ಲೆ.’ ಅವರು ಚಾರ್ಟ್‌ನಲ್ಲಿ ಬರೆದುಕೊಂಡು ಹೋದರು. ಅವರದೂ ತಪ್ಪಲ್ಲ, ಇಪ್ಪತ್ತು ಮಂಚಕ್ಕೆ ಇಬ್ಬರಿದ್ದರು. ಹನ್ನೊಂದೂವರೆಗೆ ನನಗೆ ಎಚ್ಚರವಾಯಿತು. ಅವ್ವ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಾಯಲ್ಲಿ ಸೀರೆ ಸೆರಗು ಕಚ್ಚಿಕೊಂಡಿದ್ದಳು. ಹಣೆಯ ಮೇಲೆ ಬೆವರು. ಪಕ್ಕದ ಮಂಚದವರಿಗೆ ಎಚ್ಚರ ಆಗಬಾರದು ಅಂತ ಶಬ್ದ ಮಾಡದೆ ಅಳುತ್ತಿದ್ದಳು. ನನ್ನ ಅವ್ವ ಅತ್ತದ್ದನ್ನು ನಾನು ಅದಕ್ಕೆ ಮೊದಲು ಒಂದೇ ಸಲ ನೋಡಿದ್ದೆ.

ಆಗ ನಾನು ಹೇಳಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ‘ಸ್ವಲ್ಪ ಸಹಿಸಿಕೋ ಅವ್ವ, ಬೆಳಿಗ್ಗೆ ಡಾಕ್ಟರ್ ಬರ್ತಾರೆ’ ಅಂದೆ. ಅರ್ಧ ಗಂಟೆ ಹಾಗೇ ಕಳೆಯಿತು. ಆಮೇಲೆ ಓಡಿಹೋಗಿ ಕರೆದೆ. ಫೋನಿನಲ್ಲಿ ಡಾಕ್ಟರನ್ನು ಕೇಳಿ ಒಂದು ಟ್ರಮಡಾಲ್ ಇಂಜೆಕ್ಷನ್ ಕೊಟ್ಟರು. ನೋವು ಸ್ವಲ್ಪ ಇಳಿಯಿತು, ಜೊತೆಗೆ ವಾಂತಿ ಶುರುವಾಯಿತು. ಬೆಳಗಿನ ತನಕ ಟ್ರೇ ಹಿಡಿದುಕೊಂಡು ಕೂತಿದ್ದೆ. ಮಾರನೇ ದಿನ ಫಿಸಿಯೋ ಬಂದು ಕಾಲು ಮಡಚಲು ಹೇಳಿದಾಗ ಅವ್ವ ಹೆದರಿ ಕಾಲನ್ನು ಕೋಲಿನ ಹಾಗೆ ಬಿಗಿ ಹಿಡಿದಳು. ‘ನಾಳೆ ಮಾಡುವ’ ಅಂದರು. ನಾಳೆಯೂ ಅದೇ. ಮನೆಗೆ ಬಂದ ಮೇಲೂ ಅದೇ.

ಆ ಒಂದು ರಾತ್ರಿಯ ಬೆಲೆ ಏನು ಅಂತ ನಮಗೆ ಎರಡು ತಿಂಗಳ ಮೇಲೆ ಗೊತ್ತಾಯಿತು. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ ಮಂಡಿ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಮಡಚಬೇಕು. ಅವ್ವನದು 80ರಲ್ಲಿ ನಿಂತುಬಿಟ್ಟಿತ್ತು. ಹೊಸ ಮಂಡಿ ಹಾಕಿದ ಮೊದಲ ಕೆಲವು ವಾರ ಮಡಚದೆ ಬಿಟ್ಟರೆ ಒಳಗೆ ಗಾಯ ಮಾಯುವಾಗ ಬಿಗಿಯಾದ ಅಂಟು ಬೆಳೆಯುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ನೋವಿದ್ದರೆ ಮಡಚುವುದಿಲ್ಲ, ಮಡಚದಿದ್ದರೆ ಬಿಗಿಯುತ್ತದೆ, ಬಿಗಿದರೆ ಇನ್ನೂ ನೋವು. ಸರ್ಜನ್ ಕೂರಿಸಿದ ಲೋಹ ಎಷ್ಟೇ ಒಳ್ಳೆಯದಿರಲಿ, ನೋವಿಗೆ ದಾರಿ ಮಾಡದಿದ್ದರೆ ಅದು ಅರ್ಧ ಕೆಲಸವೇ. ಮುಂದಿನ ಒಂದು ವರ್ಷ ಹಠ ಹಿಡಿದು, ಎಣ್ಣೆ ಹಚ್ಚಿ, ಬೆಳಿಗ್ಗೆ ಸಂಜೆ ವ್ಯಾಯಾಮ ಮಾಡಿ ಅವ್ವ ಬಲಗಾಲನ್ನು 90ರ ಹತ್ತಿರ ತಂದಳು. ಅಲ್ಲಿಗೆ ಮುಗಿಯಿತು.

ಎಡಗಾಲಿಗೆ ಅವ್ವ ಒಪ್ಪಿದ್ದೇ ದೊಡ್ಡದು. ಈ ಸಲ ಮೈಸೂರಿಗೆ ಹೋದೆವು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಆಪರೇಷನ್ ಹಿಂದಿನ ಸಂಜೆ ಒಬ್ಬ ಡಾಕ್ಟರ್ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅರಿವಳಿಕೆ ಡಾಕ್ಟರ್. ಮೊದಲ ಸಲ ನಾವು ಅರಿವಳಿಕೆ ಡಾಕ್ಟರ ಮುಖವನ್ನೇ ನೋಡಿರಲಿಲ್ಲ. ಇವರು ಅರ್ಧ ಗಂಟೆ ಕೂತರು. ಬಿಪಿ ಮಾತ್ರೆ ಯಾವುದು, ಸಕ್ಕರೆ ಎಷ್ಟು, ಕಿಡ್ನಿ ಪರೀಕ್ಷೆ ಹೇಗಿದೆ, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ನುಂಗುತ್ತೀರಾ, ನಾಟಿ ಮದ್ದು ಏನಾದರೂ ಇದೆಯಾ ಅಂತ ಕೇಳಿದರು. ಬೆನ್ನಿನ ಒಳಗೆ ಸೂಜಿ ಹೋಗುವಾಗ ರಕ್ತ ತೆಳುವಾಗಿದ್ದರೆ ಅಲ್ಲಿ ರಕ್ತ ಕಟ್ಟಿಕೊಂಡು ನರಕ್ಕೆ ಒತ್ತಡ ಆಗಬಹುದು, ಅದಕ್ಕೇ ಕೇಳುವುದು ಅಂದರು. ಅಂಥ ಕೆಲವು ಮಾತ್ರೆಗಳನ್ನು ಎಷ್ಟೋ ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಅದೂ ನಾವಾಗಿಯೇ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿಯೇ.

ಆಮೇಲೆ ಅವ್ವನ ಕೈ ಹಿಡಿದುಕೊಂಡು ಕೇಳಿದರು: ‘ಹೋದ ಸಲ ನೋವು ಎಷ್ಟಿತ್ತು ಅಮ್ಮ? ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡೆಯಕ್ಕೇ ಆಗಲ್ಲ.’

ಅವ್ವ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ‘ಹತ್ತು ಡಾಕ್ಟ್ರೇ. ಇವಳಿಗೆ ಹೇಳಲಿಲ್ಲ’ ಅಂದಳು.

ಎರಡು ವರ್ಷ ಒಂದೇ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದವರು ನಾವು. ಆ ಹತ್ತು ನನಗೆ ಅವತ್ತೇ ಗೊತ್ತಾದದ್ದು.

ಡಾಕ್ಟರ್ ನಮಗೆ ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಮಂಡಿ ಆಪರೇಷನ್‌ಗೆ ಹೆಚ್ಚಾಗಿ ಬೆನ್ನಿಗೇ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಬೆನ್ನುಹುರಿ ಪೂರ್ತಿ ಕೆಳಗಿನ ತನಕ ಇರುವುದಿಲ್ಲ. ಸೊಂಟದ ಒಂದನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ನರಗಳು ಎಳೆ ಎಳೆಯಾಗಿ ನೀರಲ್ಲಿ ತೇಲುವ ಜಾಗದಲ್ಲಿ. ಮದ್ದು ಬ್ಯುಪಿವಕೇನ್, ಮೂರು ಎಂಎಲ್ ಹತ್ತಿರ, ಒಂದು ಚಮಚ ಕೂಡ ಇಲ್ಲ. ಅದಕ್ಕೆ ಗ್ಲೂಕೋಸ್ ಸೇರಿಸಿ ಭಾರ ಮಾಡಿರುತ್ತಾರೆ, ಕೆಳಗೆ ಕೂರಲಿ ಅಂತ. ನರದಲ್ಲಿ ಸೋಡಿಯಂ ಹರಿಯುವ ಸಣ್ಣ ಬಾಗಿಲುಗಳಿವೆಯಂತೆ. ಮದ್ದು ಆ ಬಾಗಿಲು ಮುಚ್ಚಿ ಹಿಡಿಯುತ್ತದೆ, ಸುದ್ದಿ ಮೆದುಳಿಗೆ ಹೋಗುವುದಿಲ್ಲ. ಕೆಲವು ಗಂಟೆ ಕಳೆದರೆ ಬಾಗಿಲು ತಾನಾಗಿ ತೆರೆಯುತ್ತದೆ. ನರ ಸಾಯುವುದಿಲ್ಲ.

ನಮ್ಮ ಚಿಕ್ಕಮ್ಮನಿಗೆ ಸಿಸೇರಿಯನ್ ಆಗಿ 30 ವರ್ಷವಾಯಿತು. ಇವತ್ತಿಗೂ ಬೆನ್ನು ನೋವು ಬಂದರೆ ‘ಅವತ್ತಿನ ಇಂಜೆಕ್ಷನ್’ ಅನ್ನುತ್ತಾರೆ. ಎಷ್ಟು ಮನೆಯಲ್ಲಿ ಈ ಮಾತು ಇದೆ ಅಲ್ವಾ? ನಾನು ಅದನ್ನೂ ಕೇಳಿದೆ. ಸೂಜಿ ಹೋದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಆ ಇಂಜೆಕ್ಷನ್ ಕಾರಣ ಅಲ್ಲ ಅಂದರು. ನಿಜವಾಗಿ ಬರಬಹುದಾದದ್ದು ತಲೆನೋವು. ಎದ್ದು ಕೂತರೆ ಜೋರಾಗಿ, ಮಲಗಿದರೆ ಕಡಿಮೆ. ಸೂಜಿಯ ತೂತಿನಿಂದ ಒಳಗಿನ ನೀರು ಸ್ವಲ್ಪ ಸೋರಿದ್ದರಿಂದ ಬರುವಂಥದ್ದು. ಈಗಿನ ಕೂದಲೆಳೆಯಂಥ ಸೂಜಿಯಲ್ಲಿ ಅದು ತುಂಬ ಕಡಿಮೆ. ಬಂದರೂ ಮದ್ದಿದೆ. ಕಾಫಿಯಲ್ಲಿರುವ ಕೆಫೀನ್ ಕೂಡ ಅದಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ ಅಂದಾಗ ಅವ್ವನ ಮುಖ ಅರಳಿತು.

ಈ ತಲೆನೋವಿನ ಕಥೆ ಬೆನ್ನಿನ ಇಂಜೆಕ್ಷನ್‌ನಷ್ಟೇ ಹಳೆಯದು. ನಾನು ಆಮೇಲೆ ಓದಿದೆ. 1898ರಲ್ಲಿ ಜರ್ಮನಿಯ ಕೀಲ್ ಎಂಬ ಊರಿನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ಮೊದಲ ಸಲ ಹೀಗೆ ಬೆನ್ನಿಗೆ ಮದ್ದು ಕೊಟ್ಟು ಆಪರೇಷನ್ ಮಾಡಿದರು. ಆಗಿನ ಮದ್ದು ಕೊಕೇನ್. ರೋಗಿಗಳಿಗೆ ಆಮೇಲೆ ತಲೆನೋವು ಬಂದಾಗ, ಯಾಕೆ ಅಂತ ತಿಳಿಯಲು ಬಿಯರ್ ತಮ್ಮ ಮೇಲೆ ಮತ್ತು ತಮ್ಮ ಸಹಾಯಕ ಹಿಲ್ಡೆಬ್ರಾಂಟ್ ಮೇಲೆ ಪ್ರಯೋಗ ಮಾಡಿಕೊಂಡರು. ಮರಗಟ್ಟಿದ ಸಹಾಯಕನ ಕಣಕಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೂ ನೋವಾಗಲಿಲ್ಲ. ಆಮೇಲೆ ಇಬ್ಬರಿಗೂ ತಲೆನೋವು ಬಂತು. ಬಿಯರ್ ಎಷ್ಟೋ ದಿನ ಮಲಗಿಯೇ ಇದ್ದರು. ರೋಗಿಗೆ ಏನಾಗುತ್ತದೆ ಅಂತ ತನ್ನ ಬೆನ್ನಿನ ಮೇಲೆ ನೋಡಿಕೊಂಡ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಆದರೆ ಬೆನ್ನಿನ ಇಂಜೆಕ್ಷನ್ ಆಪರೇಷನ್‌ಗೆ ಮಾತ್ರ ಸಾಕು, ರಾತ್ರಿಗೆ ಅಲ್ಲ. ನಮಗೆ ಮೊದಲ ಸಲ ಎಡವಟ್ಟಾದದ್ದು ಇಲ್ಲೇ. ರಾತ್ರಿಗೆ ಬೇರೆಯೇ ಏರ್ಪಾಡು ಬೇಕು. ಮೊದಲೆಲ್ಲ ಬೆನ್ನಿನಲ್ಲೇ ಸಣ್ಣ ನಳಿಗೆ ಇಟ್ಟು ಎರಡು ಮೂರು ದಿನ ಮದ್ದು ಬಿಡುತ್ತಿದ್ದರು, ಎಪಿಡ್ಯೂರಲ್ ಅಂತ. ಈಗಲೂ ಕೆಲವರಿಗೆ ಬೇಕಾಗುತ್ತದೆ. ನೋವು ಚೆನ್ನಾಗಿ ತಡೆಯುತ್ತದೆ, ಆದರೆ ಎರಡೂ ಕಾಲು ಸೋಲಬಹುದು, ಬಿಪಿ ಇಳಿಯಬಹುದು, ಮೂತ್ರ ಕಟ್ಟಬಹುದು. ಆಮೇಲೆ ತೊಡೆಸಂದಿಯಲ್ಲಿ ಫೆಮೊರಲ್ ನರಕ್ಕೆ ಬ್ಲಾಕ್ ಕೊಡುವುದು, ಅಂದರೆ ಆ ನರದ ಸುತ್ತ ಮದ್ದು ಬಿಟ್ಟು ಮರಗಟ್ಟಿಸುವುದು ಬಂತು. ಒಂದೇ ಕಾಲಿಗೆ, ಒಳ್ಳೆಯದೇ. ಆದರೆ ಆ ನರವೇ ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನೂ ನಡೆಸುತ್ತದೆ. ಅದು ನಿದ್ದೆ ಹೋದರೆ ಎದ್ದು ನಿಂತಾಗ ಮಂಡಿ ಮಡಚಿ ಬೀಳುವ ಭಯ.

ಅವ್ವನಿಗೆ ಕೊಟ್ಟದ್ದು ಇನ್ನೂ ಕೆಳಗೆ, ತೊಡೆಯ ನಡುವೆ ಒಳಬದಿಯಲ್ಲಿ. ಅಡಕ್ಟರ್ ಕೆನಾಲ್ ಬ್ಲಾಕ್ ಅನ್ನುತ್ತಾರೆ. ಅಲ್ಲಿ ರಕ್ತನಾಳದ ಪಕ್ಕ ಒಂದು ಸಣ್ಣ ಓಣಿ ಇದೆ, ಮಂಡಿಯ ನೋವು ಹೊರುವ ನರ ಅದರಲ್ಲಿ ಹೋಗುತ್ತದೆ. ಸ್ನಾಯುವಿಗೆ ಹೋಗುವ ಕವಲುಗಳು ಹೆಚ್ಚಿನವು ಅದಕ್ಕೆ ಮೊದಲೇ ಬೇರೆಯಾಗಿರುತ್ತವೆ. ಹಾಗಾಗಿ ನೋವು ಹೋಗುತ್ತದೆ, ಕಾಲಿನ ಬಲ ಬಹುಪಾಲು ಉಳಿಯುತ್ತದೆ. ಅಲ್ಟ್ರಾಸೌಂಡ್ ಇಟ್ಟು, ಪರದೆಯಲ್ಲಿ ಸೂಜಿಯ ತುದಿ ನೋಡುತ್ತಾ ಮದ್ದು ಬಿಡುತ್ತಾರೆ. ಮಂಡಿಯ ಹಿಂಬದಿಗೆ ಇದು ತಲುಪುವುದಿಲ್ಲ, ಅಲ್ಲಿಗೆ ಬೇರೆ ಇಂಜೆಕ್ಷನ್, ಐಪ್ಯಾಕ್ ಅಂತ. ಪಾದ ಅಲುಗಾಡಿಸಲು ತೊಂದರೆಯಾಗದ ಹಾಗೆ ಕೊಡುತ್ತಾರೆ, ಯಾಕೆಂದರೆ ಆಪರೇಷನ್ ಆದ ಮೇಲೆ ಪಾದ ಎತ್ತುತ್ತಾರಾ ಅಂತ ಸರ್ಜನ್ ನೋಡಲೇಬೇಕು. ಇದಲ್ಲದೆ ಸರ್ಜನ್ ತಾವೇ ಹೊಲಿಗೆ ಹಾಕುವ ಮೊದಲು ಮಂಡಿಯ ಸುತ್ತ ಮರಗಟ್ಟುವ ಮದ್ದು ತುಂಬುವುದೂ ಇದೆ. ಸಿಡ್ನಿಯ ಕೆರ್ ಮತ್ತು ಕೋಹನ್ ಎಂಬ ಇಬ್ಬರು ಡಾಕ್ಟರುಗಳು 2008ರಲ್ಲಿ ಇದನ್ನು ಬರೆದು ಪ್ರಕಟಿಸಿದ ಮೇಲೆ ಎಲ್ಲ ಕಡೆ ಹರಡಿತು.

ಆಪರೇಷನ್ ದಿನ ಬೆನ್ನು ಬೆಕ್ಕಿನ ಹಾಗೆ ಬಾಗಿಸಿ ಅಂದರಂತೆ. ‘ನಾಟಿ ನೆಡುವ ಹಾಗೆ ಬಗ್ಗಿದೆ, ಸಾಕು ಸಾಕು ಅಂದ್ರು’ ಅಂತ ಅವ್ವ ಆಮೇಲೆ ಹೇಳಿದಳು. ಸ್ವಲ್ಪ ನಿದ್ದೆ ಬರುವ ಮದ್ದನ್ನೂ ಕೊಟ್ಟಿದ್ದರು. ನಡುನಡುವೆ ಎಚ್ಚರವಾದಾಗ ಟಕ್ ಟಕ್ ಸುತ್ತಿಗೆ ಶಬ್ದ ಕೇಳಿಸುತ್ತಿತ್ತು, ಯಾರೋ ಪಕ್ಕದ ಮನೆಗೆ ಮಾಡು ಹಾಕುತ್ತಿದ್ದಾರೆ ಅಂದುಕೊಂಡಳಂತೆ. ಹೊರಗೆ ಬಂದ ಕೂಡಲೇ ನನ್ನ ಹತ್ತಿರ ಕೇಳಿದ್ದು ಕಾಲಿನ ಬಗ್ಗೆ ಅಲ್ಲ. ‘ಹೂಮಳೆ ಬಂತಾ?’ ಅಂತ. ಕಾಫಿ ಹೂ ಬಿಡಲು ಬೇಕಾದ ಬೇಸಿಗೆ ಮಳೆ ಅದು. ಬಂದಿರಲಿಲ್ಲ. ‘ನಾಳೆ ಬರುತ್ತೆ’ ಅಂದೆ. ಚಳಿಯಲ್ಲಿ ನಡುಗುತ್ತಿದ್ದಳು. ಬೆನ್ನಿಗೆ ಮದ್ದು ಕೊಟ್ಟ ಮೇಲೆ ಹಾಗೆ ನಡುಗುವುದಿದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಕಂಬಳಿ ಹೊದಿಸಿದೆವು. ಊರಲ್ಲಾದರೆ ನಾನು ಬಿಸಿನೀರಿನ ಚೀಲ ಕಾಲಿಗೆ ಇಟ್ಟುಬಿಡುತ್ತಿದ್ದೆ. ಮರಗಟ್ಟಿದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಬರುತ್ತದೆ, ಅದನ್ನು ಮಾತ್ರ ಮಾಡಬೇಡಿ ಅಂದಿದ್ದರು.

ನಾನು ಆ ಸಂಜೆಯಿಂದಲೇ ರಾತ್ರಿಗೆ ಹೆದರಿದ್ದೆ. ಬೆರಳು ಅಲುಗಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಇಲ್ಲಿ ಎಲ್ಲ ಗಡಿಯಾರದ ಪ್ರಕಾರ ಇತ್ತು. ನೋವು ಇರಲಿ ಇಲ್ಲದಿರಲಿ, ಹೊತ್ತು ಹೊತ್ತಿಗೆ ಪ್ಯಾರಸಿಟಮಾಲ್. ಕಿಡ್ನಿ ಸರಿ ಇದ್ದುದರಿಂದ ಉರಿಯೂತ ಇಳಿಸುವ ಇನ್ನೊಂದು ಮದ್ದು. ಮಂಡಿ ಮೇಲೆ ಐಸ್ ಚೀಲ. ಜೋರು ಮದ್ದು ಬೇಕಾದರೆ ಕೊಡಲು ಬರೆದಿಟ್ಟಿದ್ದರು, ಮಧ್ಯರಾತ್ರಿ ಯಾರಿಗೂ ಫೋನ್ ಮಾಡುವ ಅಗತ್ಯ ಇರಲಿಲ್ಲ. ಸಿಸ್ಟರ್ ‘ನೋವಿದ್ಯಾ’ ಅಂತ ಕೇಳುತ್ತಿರಲಿಲ್ಲ. ‘ಕಾಲು ಸ್ವಲ್ಪ ಮಡಚಿ ಅಮ್ಮ. ಈಗ ಎಷ್ಟು?’ ಅಂತ ಕೇಳುತ್ತಿದ್ದರು. ಈ ಪ್ರಶ್ನೆಗೆ ‘ಎಂತ ಇಲ್ಲೆ’ ಅನ್ನಲು ಆಗುವುದಿಲ್ಲ. ಅವ್ವ ಮೊದಲ ಸಲ ‘ಮೂರು’ ಅಂದಳು, ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಮೆಲ್ಲಗೆ.

ಅವ್ವ ನಿದ್ದೆ ಮಾಡಿದಳು. ಗೊರಕೆ ಹೊಡೆದಳು. ನಾನು ಎಚ್ಚರ ಇದ್ದು ಆ ಗೊರಕೆ ಕೇಳುತ್ತಾ ಕೂತೆ.

ಪೂರ್ತಿ ಸುಲಭ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇಂಥ ಬ್ಲಾಕ್ ಒಂದು ದಿನದ ಒಳಗೆ ಇಳಿಯುತ್ತದೆ, ಇಳಿಯುವಾಗ ನೋವು ಒಮ್ಮೆಲೇ ಏರಿ ಬರುವುದಿದೆ. ಮಾರನೇ ಬೆಳಿಗ್ಗೆ ಆರೂವರೆಗೆ ಅವ್ವ ‘ಏಳು’ ಅಂದಳು. ನಾನು ಎದ್ದು ನಿಂತೆ. ನನ್ನನ್ನು ಏಳಿಸುತ್ತಿದ್ದಾಳೆ ಅಂದುಕೊಂಡೆ. ‘ಅಲ್ಲ, ಏಳು. ನೋವು ಏಳು’ ಅಂದಳು. ಬೆಲ್ ಒತ್ತಿದೆ. ಐದು ನಿಮಿಷದಲ್ಲಿ ಬಂದು ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ನಾಲ್ಕಕ್ಕೆ ಇಳಿಯಿತು. ಹತ್ತು ಗಂಟೆಗೆ ವಾಕರ್ ಹಿಡಿದು ಬಾಗಿಲ ತನಕ ನಡೆದಳು. ಒಬ್ಬಳೇ ಎದ್ದು ನಿಲ್ಲಬಾರದು ಅಂತ ಅವತ್ತು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ನಾಲ್ಕನೇ ದಿನ ಊರಿಗೆ ಹೊರಟೆವು. ಕಾರು ಹತ್ತುವ ಮುಕ್ಕಾಲು ಗಂಟೆ ಮೊದಲು ಮಾತ್ರೆ ಕೊಡಿ, ದಾರಿಯಲ್ಲಿ ಎರಡು ಮೂರು ಕಡೆ ನಿಲ್ಲಿಸಿ ಕಾಲು ಅಲುಗಾಡಿಸಿ, ಪಾದವನ್ನು ಮೇಲೆ ಕೆಳಗೆ ಮಾಡುತ್ತಿರಿ ಅಂದಿದ್ದರು, ರಕ್ತ ಹೆಪ್ಪುಗಟ್ಟಬಾರದು ಅಂತ. ಹುಣಸೂರು, ಬೈಲಕುಪ್ಪೆ, ಕುಶಾಲನಗರ, ಮೂರು ಕಡೆ ನಿಲ್ಲಿಸಿದೆವು. ಸುಂಟಿಕೊಪ್ಪ ದಾಟುವಾಗ ಗಾಜು ಇಳಿಸಲು ಹೇಳಿದಳು. ಹೂಮಳೆ ಬಂದಿತ್ತು. ತೋಟಗಳೆಲ್ಲ ಒದ್ದೆ. ನೆನೆದ ಮಣ್ಣಿನ ಆ ವಾಸನೆಗೆ ಕಣ್ಣು ಮುಚ್ಚಿ ಕೂತಳು.

ನಮ್ಮ ಜಿಲ್ಲೆಯಲ್ಲಿ ಗಟ್ಟಿತನಕ್ಕೆ ಬಹಳ ಮರ್ಯಾದೆ. ಮನೆ ಮನೆಯಲ್ಲಿ ಸೈನ್ಯಕ್ಕೆ ಹೋದವರಿದ್ದಾರೆ. ಮಳೆಗಾಲದ ನಾಟಿ, ಕೆಸರು, ಚಳಿ, ಯಾವುದಕ್ಕೂ ಅಯ್ಯೋ ಅನ್ನಬಾರದು ಅಂತ ಬೆಳೆದವರು ನಾವು. ಆ ಗಟ್ಟಿತನ ನನಗೂ ಇಷ್ಟ. ಆದರೆ ಆಸ್ಪತ್ರೆಯ ಮಂಚದ ಮೇಲೆ ಅದನ್ನು ತೋರಿಸಿದವರಿಗೆ ಮದ್ದು ಸಿಗುವುದಿಲ್ಲ. ಹೇಳಿದವರಿಗೆ ಸಿಗುತ್ತದೆ. ತೋಟದ ಕೆಲಸದವರಿರುವ ಲೈನ್ ಮನೆಯ ಹೆಂಗಸರಿಗಂತೂ ಕೇಳುವುದೇ ಗೊತ್ತಿಲ್ಲ, ಕೇಳಿದರೆ ಯಾರು ಏನಂದುಕೊಳ್ಳುತ್ತಾರೋ ಅಂತ ಭಯ. ಅವರ ಜೊತೆ ಹೋಗುವವರು ಅವರ ಪರವಾಗಿ ಕೇಳಬೇಕು. ರಾತ್ರಿ ನೋವಿಗೆ ಏನು ಬರೆದಿದ್ದೀರಿ, ಬ್ಲಾಕ್ ಕೊಡುತ್ತೀರಾ, ಯಾವಾಗ ಇಳಿಯುತ್ತದೆ, ಇಳಿದಾಗ ಯಾರನ್ನು ಕರೆಯಬೇಕು. ಎಲ್ಲ ಕಡೆ ಬ್ಲಾಕ್ ಇರುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಆದರೆ ಹೊತ್ತು ಹೊತ್ತಿಗೆ ಮಾತ್ರೆ ಕೊಡಲು, ಮಡಚಿಸಿ ನೋಡಿ ಎಷ್ಟು ಅಂತ ಕೇಳಲು ಯಾವ ದೊಡ್ಡ ಯಂತ್ರವೂ ಬೇಡ.

ಹಿಲ್ಡೆಬ್ರಾಂಟ್ ಕಥೆ ಓದುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಮಾರ್ಟನ್ ಎಂಬುವರು ಈಥರ್ ಕೊಟ್ಟು ನೋವಿಲ್ಲದ ಆಪರೇಷನ್ ಮಾಡಿಸಿ ತೋರಿಸಿದರು. ಆ ದಿನವನ್ನು ಈಗ ವಿಶ್ವ ಅರಿವಳಿಕೆ ದಿನ ಅಂತ ಆಚರಿಸುತ್ತಾರೆ. ನಮ್ಮ ಕಾವೇರಿ ಸಂಕ್ರಮಣ ಹೆಚ್ಚಾಗಿ ಅದರ ಮಾರನೇ ದಿನವೇ ಬರುತ್ತದೆ. ಹೋದ ವರ್ಷ ತಲಕಾವೇರಿಗೆ ಹೋಗಬೇಕು ಅಂತ ಅವ್ವ ಹಠ ಹಿಡಿದಳು. ತೀರ್ಥೋದ್ಭವದ ದಿನ ಆ ನೂಕುನುಗ್ಗಲಲ್ಲಿ ಬೇಡ ಅಂತ ಎರಡು ವಾರ ಕಳೆದು ಕರೆದುಕೊಂಡು ಹೋದೆ. ಮಂಜು ಇತ್ತು, ಮೆಟ್ಟಿಲು ಒದ್ದೆಯಿತ್ತು. ಅವ್ವ ನನ್ನ ತೋಳು ಹಿಡಿದುಕೊಂಡು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಮೊದಲು ಎಡಗಾಲು. ಆಮೇಲೆ ಬಲಗಾಲನ್ನು ಎಳೆದು ಪಕ್ಕಕ್ಕೆ ಇಡುವುದು. ಮತ್ತೆ ಎಡಗಾಲು. ಬಲಗಾಲು ಮೊದಲು ಇಟ್ಟರೆ ಅಷ್ಟು ಎತ್ತರಕ್ಕೆ ಅದು ಸರಿಯಾಗಿ ಮಡಚುವುದಿಲ್ಲ.

ಮೇಲೆ ಹೋಗಿ ಕೊಳದ ಹತ್ತಿರ ನಿಂತ ಮೇಲೆ ಕೇಳಿದೆ, ಎಷ್ಟು ಅಂತ.

‘ಬಲಕ್ಕೆ ನಾಲ್ಕು’ ಅಂದಳು. ‘ಎಡಕ್ಕೆ ಎಂತ ಇಲ್ಲೆ.’